ನಲವತ್ತು ಇಂಚಿನ ಶಾಲು

ಬೆಳಿಗ್ಗೆ ಆರಕ್ಕೆ ಎದ್ದು ಹಾಲು ಕಾಯಿಸಿ, ಅಮ್ಮನ ಗಂಜಿಗೆ ಅಕ್ಕಿ ತೊಳೆದಿಟ್ಟು, ಗೇಟಿನ ಚಿಲಕ ತೆಗೆದು ಬಂದೆ. ಚಿಲಕ ಹಾಕಿದ್ದರೆ ನನ್ನ ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ಬೀದಿಯಲ್ಲೇ ನಿಂತುಬಿಡುತ್ತಾರೆ. ಎರಡೂ ಕೈ ಕೆಲಸದಲ್ಲಿರುವಾಗ ಚಿಲಕ ತೆಗೆಯುವವರು ಯಾರು? ಕಾಪುವಿನಲ್ಲಿ ಬಸ್ಸು ಹತ್ತಿ, ಅಂಬಲಪಾಡಿಯಲ್ಲಿ ಇಳಿದು, ನಮ್ಮ ಮನೆಯವರೆಗೂ ಕ್ರೋಶಾ ಹಾಕುತ್ತಲೇ ನಡೆದು ಬರುವ ಹೆಂಗಸು ಭೂಮಿಯ ಮೇಲೆ ಇವರೊಬ್ಬರೇ ಇರಬೇಕು! ಎದುರಿಗೆ ದನ ಬಂದರೆ ದನವೇ ಪಕ್ಕಕ್ಕೆ ಸರಿಯುತ್ತದೆ.

ಹಾಕುವುದಾದರೂ ಏನು? ಉಣ್ಣೆಯ ಶಾಲು! ಕುಳಿತಲ್ಲೇ ಬೆವರು ಇಳಿಯುವ ನಮ್ಮ ಊರಿನಲ್ಲಿ! ಅವರು ಕೊಟ್ಟ ಶಾಲುಗಳೆಲ್ಲ ನೆಂಟರ ಕಪಾಟಿನಲ್ಲಿ ನುಸಿಗುಳಿಗೆಯ ಜೊತೆ ಮಲಗಿವೆ. ನನ್ನ ಮದುವೆಗೂ ಒಂದು ಬಂದಿತ್ತು, ಮೇ ತಿಂಗಳಲ್ಲಿ. ಅದನ್ನು ಹೊದ್ದು ತೆಗೆಸಿಕೊಂಡ ಫೋಟೋದಲ್ಲಿ ನಾನು ತವರು ಬಿಡುವ ದುಃಖದಲ್ಲಿ ಅಳುತ್ತಿದ್ದೇನೆಂದು ಎಲ್ಲರೂ ತಿಳಿದಿದ್ದಾರೆ. ಅದು ಬೆವರು.

ಕೆಲಸ ಮಾಡುವಾಗ ದೊಡ್ಡಮ್ಮ ಕುಣಿಕೆಗಳನ್ನು ಬಾಯಿಬಿಟ್ಟು ಎಣಿಸುತ್ತಾರೆ. ಆಗ ಅವರಿಗೆ ಬೇರೆ ಭಾಷೆ ಬರುವುದಿಲ್ಲ. ಒಮ್ಮೆ ಬಸ್ಸಿನಲ್ಲಿ ಕಂಡಕ್ಟರ್ "ಎಲ್ಲಿಗೆ ಅಮ್ಮ?" ಎಂದು ಕೇಳಿದ.

"ನೂರ ಹದಿನೆಂಟು."

"ಆ ಊರು ನಮ್ಮ ರೂಟಿನಲ್ಲಿ ಇಲ್ಲ ಅಮ್ಮ."

"ನೂರ ಹತ್ತೊಂಬತ್ತು," ಎಂದರಂತೆ ದೊಡ್ಡಮ್ಮ.

ಇನ್ನು ವಿನ್ಯಾಸ. ಪುಸ್ತಕ ನೋಡಿ ಮಾಡುವುದು ಅವರ ಪ್ರಕಾರ ಪರೀಕ್ಷೆಯಲ್ಲಿ ಕಾಪಿ ಹೊಡೆದ ಹಾಗೆ. ಕಾರ್ಕಳದಲ್ಲಿ ನೆಂಟರೊಬ್ಬರ ಮದುವೆಗೆ ಹೋಗಿದ್ದಾಗ, ಧಾರೆಯ ಹೊತ್ತಿಗೆ ದೊಡ್ಡಮ್ಮ ನಾಪತ್ತೆ! ಹುಡುಕಿದರೆ ಬಸದಿಯಲ್ಲಿ ಒಂದು ಕಂಬದ ಎದುರು ನಿಂತು, ಕಲ್ಲಿನ ಬಳ್ಳಿಯನ್ನು ಉಡುಗೊರೆಯ ಕವರಿನ ಹಿಂದೆ ಬರೆದುಕೊಳ್ಳುತ್ತಿದ್ದರು. ಆ ಕವರು ಮದುಮಕ್ಕಳಿಗೆ ಸಿಗಲೇ ಇಲ್ಲ. ನಾನು ಆಕ್ಷೇಪಿಸಿದ್ದಕ್ಕೆ, "ಮದುವೆ ಇನ್ನೊಂದು ಆಗ್ತದೆ ಮಗಾ, ಈ ಬಳ್ಳಿ ಬಿಟ್ಟರೆ ಸಿಗ್ಲಿಕ್ಕಿಲ್ಲ," ಎಂದರು.

ಆ ಬಳ್ಳಿ ಕೊನೆಗೆ ಹಬ್ಬಿದ್ದು ಅಮ್ಮನ ಶಾಲಿನಲ್ಲಿ. ಅಮ್ಮನನ್ನು ಮೂರು ವಾರಕ್ಕೊಮ್ಮೆ ಮಣಿಪಾಲಕ್ಕೆ ಕರೆದೊಯ್ದು ಮದ್ದು ಏರಿಸಬೇಕಾಗಿ ಬಂದಾಗ, ನಮ್ಮ ಊರಿನಲ್ಲೂ ಚಳಿ ಇರುವ ಒಂದು ಜಾಗ ಉಂಟೆಂದು ದೊಡ್ಡಮ್ಮನಿಗೆ ಗೊತ್ತಾಯಿತು. ಎ.ಸಿ. ಕೋಣೆಯಲ್ಲಿ ನಾಲ್ಕು ಗಂಟೆ. ಒಂದು ಕೈಗೆ ಸೂಜಿ ಚುಚ್ಚಿರುವಾಗ ಜಾರಿದ ಶಾಲನ್ನು ಎಳೆದುಕೊಳ್ಳುವುದು ಹೇಗೆ? ಅದಕ್ಕೆಂದೇ ಇವರು ಹೊಸ ನಮೂನೆ ಹುಡುಕಿದರು: ಎಡ ತುದಿಯಲ್ಲಿ ಸೂಜಿಯ ಕೈಗೊಂದು ಕಂಡಿ, ಬಲ ತುದಿಯಲ್ಲಿ ಎದೆಯ ಮೇಲೆ ಸಿಕ್ಕಿಸಲು ಒಂದೇ ಗುಂಡಿ. ಹೆಗಲ ಸುತ್ತಳತೆ ಸರಿಯಾಗಿದ್ದರೆ ಮಾತ್ರ ಅದು ತಾನಾಗಿ ನಿಲ್ಲುತ್ತದೆ.

ಅಳತೆ ತೆಗೆದು ಫೋನಿನಲ್ಲಿ ಹೇಳುವ ಕೆಲಸ ನನ್ನದು. ಮೊದಲ ಸಲ ನಲವತ್ತು ಇಂಚು ಇತ್ತು, ನಲವತ್ತು ಎಂದೆ. ತಿಂಗಳು ಬಿಟ್ಟು ಟೇಪು ಹಿಡಿದಾಗ ಮೂವತ್ತೇಳು. ಆಚೆಯಿಂದ ದೊಡ್ಡಮ್ಮ, "ಎಷ್ಟುಂಟು? ಅಷ್ಟೇ ಉಂಟಲ್ವಾ?" ಎಂದು ಕೇಳಿದರು. ಆ "ಅಲ್ವಾ"ದ ಎದುರು ನನ್ನ ನಾಲಿಗೆ ತಿರುಗಲಿಲ್ಲ. "ಅದೇ ನಲವತ್ತು," ಎಂದೆ. ಸುಳ್ಳು ಹೇಳಿದರೆ ನಾಲಿಗೆಯ ಮೇಲೆ ಕಪ್ಪು ಚುಕ್ಕೆ ಬೀಳುತ್ತದೆಂದು ಕಾನ್ವೆಂಟಿನಲ್ಲಿ ಸಿಸ್ಟರ್ ಹೆದರಿಸುತ್ತಿದ್ದರು. ಅಂದು ಕನ್ನಡಿಯ ಮುಂದೆ ನಾಲಿಗೆ ಚಾಚಿ ನೋಡಿಕೊಂಡೆ!

ಪರಿಣಾಮ? ಶಾಲು ತಂದು ಹೊದಿಸಿದರೆ ಜಾರುತ್ತದೆ. ಎಣಿಕೆ ತಪ್ಪಿತೆಂದು ದೊಡ್ಡಮ್ಮ ಪೂರ್ತಿ ಬಿಚ್ಚಿ ಮತ್ತೆ ಹಾಕುತ್ತಾರೆ. ಮತ್ತೆ ಜಾರುತ್ತದೆ. "ಅಕ್ಕಾ, ನಾನು ಇರುವಾಗ ಮುಗೀತದಾ ಇದು?" ಎಂದು ಅಮ್ಮ ನಕ್ಕರೆ, ನಗಬೇಕೋ ಬೇಡವೋ ತಿಳಿಯದೆ ನಾವಿಬ್ಬರೂ ಗೋಡೆ ನೋಡುತ್ತಿದ್ದೆವು.

ಇವತ್ತು ಮೂರನೆಯ ಸಲ. ದೊಡ್ಡಮ್ಮ ಸೊಂಟದಿಂದ ಗೇಟು ನೂಕಿ ಬಂದರು. ಹೊದಿಸಿ ಗುಂಡಿ ಹಾಕಿದರು. ಅಮ್ಮ ಒಂದು ಹೆಜ್ಜೆ ಇಟ್ಟದ್ದೇ, ಶಾಲು ಎರಡೂ ಹೆಗಲಿನಿಂದ ಜಾರಿ ಮೊಣಕೈಗೆ ಬಂತು. ದೊಡ್ಡಮ್ಮ ಜಗಲಿಯಲ್ಲಿ ಕುಳಿತು ಒಂದೊಂದೇ ಕುಣಿಕೆ ಮುಟ್ಟಿ ಎಣಿಸಿದರು.

"ಶಾಲಿನಲ್ಲಿ ಎಲ್ಲ ಸರಿ ಉಂಟು. ಹಾಗಾದ್ರೆ ನನ್ನ ತಲೆಯೇ ಸರಿ ಇಲ್ಲ."

ಕ್ರೋಶಾ ಕಡ್ಡಿಯನ್ನು ನೂಲಿನ ಉಂಡೆಗೆ ಚುಚ್ಚಿ, ಶಾಲಿನ ಸಮೇತ ನನ್ನ ಕೈಗಿಟ್ಟರು. "ನೀನೇ ಇಟ್ಟುಕೋ ಮಗಾ. ಇನ್ನು ನನ್ನಿಂದ ಆಗ್ಲಿಕ್ಕಿಲ್ಲ."

ಮಣಿಪಾಲಕ್ಕೆ ಹೋಗುವ ರಿಕ್ಷಾದಲ್ಲಿ ಮೊದಲ ಬಾರಿಗೆ ಅವರ ಕೈಗಳನ್ನು ಖಾಲಿಯಾಗಿ ಕಂಡೆ. ಯಾರದ್ದೋ ಕೈಗಳನ್ನು ನೋಡಿಕೊಳ್ಳಲು ಒಪ್ಪಿಸಿದ್ದಾರೇನೋ ಎಂಬಂತೆ ಅವನ್ನು ಮಡಿಲಲ್ಲಿ ಇಟ್ಟುಕೊಂಡಿದ್ದರು. ಬಲಗೈಯ ತೋರುಬೆರಳು ಮಾತ್ರ ಸುಮ್ಮನೆ ಮಡಚಿಕೊಳ್ಳುತ್ತಿತ್ತು, ಬಿಡಿಸಿಕೊಳ್ಳುತ್ತಿತ್ತು.

ಅಮ್ಮನನ್ನು ಒಳಗೆ ಕರೆದೊಯ್ದ ಮೇಲೆ ಹೊರಗಿನ ಕುರ್ಚಿಯಲ್ಲಿ ಹೇಳಿಯೇ ಬಿಟ್ಟೆ. "ದೊಡ್ಡಮ್ಮ, ನಿಮ್ಮ ತಲೆ ಸರಿ ಉಂಟು. ಅಮ್ಮ ಈಗ ನಲವತ್ತು ಇಲ್ಲ. ಮೂವತ್ತಮೂರು. ನಾನು ಸುಳ್ಳು ಹೇಳಿದ್ದು."

ಬೈಗುಳಕ್ಕೆ ಕಾದೆ. ಅವರು ಎದುರಿನ ಬಾಗಿಲನ್ನೇ ನೋಡುತ್ತಿದ್ದರು.

"ಏಳು ಇಂಚಾ?"

"ಹೌದು."

"ಕಡ್ಡಿ ಕೊಡು."

ನನ್ನ ಚೀಲದಿಂದ ತೆಗೆದುಕೊಟ್ಟ ಶಾಲಿನ ಬಲ ತುದಿಯನ್ನು ಬಿಚ್ಚತೊಡಗಿದರು. ಕಾರ್ಕಳದ ಬಳ್ಳಿ ಎಲೆ ಎಲೆಯಾಗಿ ನೂಲಾಗುತ್ತ ಬಂತು. ನಡುವೆ ಒಮ್ಮೆ ಎಣಿಕೆ ನಿಂತಿತು. ಸೆರಗಿನಿಂದ ಮೂಗು ಒರೆಸಿಕೊಂಡು, ನಿಂತ ಸಂಖ್ಯೆಯಿಂದಲೇ ಮುಂದುವರಿಸಿದರು. ಅಮ್ಮ ಹೊರಗೆ ಬರುವಷ್ಟರಲ್ಲಿ ಹೊಸ ಅಳತೆಗೆ ಹಾಕಿ, ಗುಂಡಿ ಕೂರುವ ಸಾಲೂ ಆಗಿತ್ತು.

ಕೊನೆಯ ಗಂಟನ್ನು ಹೊದೆಯುವವರ ಮೈಮೇಲೆಯೇ ಹಾಕುವುದು ದೊಡ್ಡಮ್ಮನ ಪದ್ಧತಿ. ಸಂಜೆ ಮನೆಯ ಜಗಲಿಯಲ್ಲಿ ಅಮ್ಮನನ್ನು ನಿಲ್ಲಿಸಿ, ಹೊದಿಸಿ, ಗಂಟು ಹಾಕಿ, ನೂಲನ್ನು ಹಲ್ಲಿನಿಂದ ಕಡಿದರು. ಅಮ್ಮ ನಡೆದರು, ತಿರುಗಿದರು. ಶಾಲು ಅಲುಗಲಿಲ್ಲ.

"ಈಗ ಸರಿಯಾಯ್ತು ಅಕ್ಕಾ. ಇನ್ನು ಬಿಚ್ಚಬೇಡ."

"ನೀನು ಇನ್ನು ಸಪೂರ ಆಗಬೇಡ. ನಾನು ಇನ್ನು ಬಿಚ್ಚುವುದಿಲ್ಲ," ಎಂದರು ದೊಡ್ಡಮ್ಮ, ಜಗಳಕ್ಕೆ ನಿಂತವರ ಹಾಗೆ.

ಸೆಕೆಗೆ ಶಾಲು ತೆಗೆದಿಟ್ಟು ಅಮ್ಮ ಒಳಗೆ ಮಲಗಿದರು. ದೊಡ್ಡಮ್ಮ ಅದನ್ನು ಕುರ್ಚಿಯ ಬೆನ್ನಿಗೆ ಹರಡಿ, ಬಳ್ಳಿಯ ಸುಕ್ಕನ್ನು ಬೆರಳಿನಿಂದ ನೀವುತ್ತ ಕುಳಿತಿದ್ದರು. ಆಗಲೇ ಪಕ್ಕದ ಮನೆಯವರು ಒಂದು ಹಿಡಿ ಬಸಳೆ ಸೊಪ್ಪು ಕೊಡಲು ಬಂದರು. ಶಾಲಿನ ಅಂಚನ್ನು ಎತ್ತಿ ನೋಡಿ ಹೇಳಿದರು:

"ಹೋ, ಎಷ್ಟು ಚಂದ ಉಂಟು ಮಾರಾಯ್ರೆ! ಯಾರ ಮಗುವಿಗೆ?"