ಗಂಗಯ್ಯನ ಕೌದಿ ಫೋಟೋ

ಗಂಗಯ್ಯ ಮೂವತ್ತು ವರ್ಷ ಧರಣಿ ಕೂತವನು. ಲಾಠಿ ಏಟಿನ ಬಗ್ಗೆ ಅವನಿಗೆ ದೂರಿರಲಿಲ್ಲ. ದೂರಿದ್ದದ್ದು ಫೋಟೋದ ಬಗ್ಗೆ. ಕಬ್ಬಿನ ದರಕ್ಕಾಗಿ ಮೂರು ಸಾವಿರ ಜನ ರಸ್ತೆಯಲ್ಲಿ ಕೂತರೆ ಮರುದಿನದ ಪೇಪರಿನಲ್ಲಿ ಹದಿನೇಳು ಜನ ಮತ್ತು ಒಂದು ಎಮ್ಮೆ. (ಎಮ್ಮೆ ಚಳವಳಿಯದ್ದಲ್ಲ, ದಾರಿ ಸಿಗದೆ ನಿಂತದ್ದು.) ಜನರನ್ನು ಪೊಲೀಸರಿಗಿಂತ ಹೆಚ್ಚು ಚದುರಿಸುವುದು ಕ್ಯಾಮೆರಾ ಎಂಬುದು ಅವನ ಖಚಿತ ಸಿದ್ಧಾಂತವಾಗಿತ್ತು.

ಅದಕ್ಕೇ ಅಳಿಯ ಗೌರೀಶ ತನ್ನ ಹಳೆಯ ಡಿಜಿಟಲ್ ಕ್ಯಾಮೆರಾ ಕೊಟ್ಟಾಗ ಗಂಗಯ್ಯ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡ. ಪನೋರಮಾ ಎಂಬ ಮಹಾವಿದ್ಯೆಯನ್ನು ಹದಿನೈದು ದಿನ ಅಭ್ಯಾಸ ಮಾಡಿದ. ನಿಂತ ಜಾಗ ಬಿಡಬಾರದು. ಸ್ವಲ್ಪ ಸ್ವಲ್ಪವೇ ತಿರುಗುತ್ತಾ ಸಾಲಾಗಿ ಫೋಟೋ ಹೊಡೆಯಬೇಕು. ಒಂದರ ಅಂಚು ಇನ್ನೊಂದರ ಮೇಲೆ ಬರಬೇಕು. ಆಮೇಲೆ ಕಂಪ್ಯೂಟರು ಅವನ್ನೆಲ್ಲ ಕೂಡಿಸಿ ಹೊಲಿಯುತ್ತದೆ.

"ಅಂದ್ರ ಅರಿವಿ ತುಂಡು ಕೂಡಿಸಿ ಕೌದಿ ಹೊಲದಂಗ ಅನ್ರಿ," ಎಂದಳು ಹೆಂಡತಿ ಸಾವಿತ್ರೆವ್ವ, ರೊಟ್ಟಿ ಬಡಿಯುತ್ತ.

"ಕೌದಿ ಅಲ್ಲs! ತಂತ್ರಜ್ಞಾನ!"

"ಹದಿನೈದು ದಿನದಾಗ ಎರಡು ಕೌದಿ ಹೊಲೀತಿದ್ದೆ ನಾ. ನೀವು ಏನ್ ಹೊಲದ್ರಿ?"

ಉತ್ತರ ಕೊಡುವ ಅವಕಾಶ ಅದೇ ವಾರ ಬಂತು. ಓಣಿಗೆಲ್ಲ ಇದ್ದದ್ದು ಒಂದೇ ನಳ. ಇನ್ನೊಂದು ಬೇಕೆಂದು ಸಾವಿತ್ರೆವ್ವ ಹೆಂಗಸರನ್ನು ಕಟ್ಟಿಕೊಂಡು ಪಂಚಾಯ್ತಿಗೆ ಆರು ಸಲ ಹೋಗಿ ಬಂದಿದ್ದಳು. ಆರನೆಯ ಸಲ ಸಾಹೇಬರು, "ನಿಮ್ಮ ಓಣಿಯಾಗ ನೀರಿಗೆ ಬರೋರು ಹದಿನೈದು ಮಂದಿ ಇಲ್ಲ. ಇಪ್ಪತ್ತೈದು ಮಂದಿ ಅದಾರಂತ ತೋರಸ್ರಿ, ನಾಳೇನs ನಳ ಹಾಕಸ್ತೇನಿ," ಎಂದಿದ್ದರು.

"ತೋರಸ್ತೇನಿ!" ಎಂದು ಗಂಗಯ್ಯ ಎದ್ದು ನಿಂತ. "ಒಂದs ಫೋಟೋದಾಗ, ಇಡೀ ಪಾಳಿ!"

ಮರುದಿನ ಮುಂಜಾನೆ ನೀರು ಬಿಡುವ ಹೊತ್ತಿಗೆ ಓಣಿ ರಣರಂಗವಾಯಿತು. ಹಿಂದೆ ಸರಿದು ಹೊಡೆಯೋಣವೆಂದರೆ ಬೆನ್ನಿಗೆ ಗೋಡೆ. ಗಂಗಯ್ಯ ಸ್ಟೂಲು ಹತ್ತಿ, ಹೆಂಗಸರ ಸಾಲನ್ನು ತನ್ನ ಸುತ್ತ ಬಿಲ್ಲಿನಂತೆ ಬಗ್ಗಿಸಿ ನಿಲ್ಲಿಸಿದ.

"ಯಾರೂ ಅಳ್ಳಾಡಬ್ಯಾಡ್ರಿ! ಸಾವಿತ್ರಿ, ನೀ ಲೀಡರು. ಸಾಲು ನೆಟ್ಟಗ ಇಡೋದು ನಿನ್ನ ಜವಾಬ್ದಾರಿ."

ಸಾವಿತ್ರೆವ್ವ ಜವಾಬ್ದಾರಿಯನ್ನು ಎಂದೂ ಅರ್ಧಕ್ಕೆ ಬಿಟ್ಟವಳಲ್ಲ. "ಏ ರಾಯವ್ವಾ, ಸೆರಗು ಹೊಚ್ಚಿಕೋ. ಕಾಡವ್ವಾ, ಕೊಡ ಮಾರಿಗೆ ಅಡ್ಡ ಹಿಡದೀಯಲ್ಲs, ನೀ ಹೆಂಗಸೋ ಕೊಡಾನೋ ಅಂತ ಸಾಹೇಬ್ರಿಗೆ ತಿಳೀಬೇಕಲ್ಲ!" ಎನ್ನುತ್ತ ಸಾಲಿನ ಗುಂಟ ನಡೆದಳು. ಗಂಗಯ್ಯ "ಹಾಂ, ಹಿಡೀತೇನಿ!" ಎಂದಾಗಲೆಲ್ಲ, ಫೋಟೋ ಹಿಡಿಯುವಾಗ ಬೆನ್ನು ತೋರಿಸಬಾರದೆಂದು, ಇದ್ದಲ್ಲೇ ಕ್ಯಾಮೆರಾದತ್ತ ತಿರುಗಿ ಗಂಭೀರವಾಗಿ ನಿಂತಳು. ಗಂಗಯ್ಯ ನಾಲ್ಕು ಸಲ ಹಿಡಿದ. ಅವಳು ನಾಲ್ಕು ಸಲ ನಿಂತಳು.

ಸಂಜೆ ಸೊಸೆ ಸಪ್ನಾ ಅವನ್ನು ಕಂಪ್ಯೂಟರಿನಲ್ಲಿ ಹೊಲಿದಳು.

"ಮಾವಾರ, ಇಲ್ಲಿ ಅತ್ತಿಯಾರು..."

"ಹೊಲಗಿ ಬರಾಬರಿ ಕೂಡೇತಿಲ್ಲೋ?"

"ಕೂಡೇತ್ರಿ. ಆದ್ರ ಅತ್ತಿಯಾರು..."

"ಆತಲ್ಲ ಮತ್ತ! ಅತ್ತಿ ಸುದ್ದಿ ಬಿಡು. ಬೈಲಹೊಂಗಲಕ್ಕ ಹೋಗಿ ದೊಡ್ಡದು ಮಾಡಿಸಿಕೊಂಡು ಬರತೇನಿ."

ಐದು ಅಡಿ ಉದ್ದದ ಫೋಟೋ ಸಾಹೇಬರ ಟೇಬಲ್ಲಿನ ತುಂಬ ಹರಡಿ ಎರಡೂ ಕಡೆ ಇಳಿಬಿದ್ದಿತು. ಸಾಹೇಬರು ಬೆರಳಿಟ್ಟು ಎಣಿಸಿದರು. ಮೂವತ್ತೊಂದು! ಗಂಗಯ್ಯ ಮೀಸೆ ತಿರುವಿದ. ಸಾಹೇಬರ ಬೆರಳು ಹಿಂದಕ್ಕೆ ಹೋಯಿತು, ಮುಂದಕ್ಕೆ ಬಂತು.

"ಗಂಗಯ್ಯನವರ, ಈ ಹಸರು ಇಳಕಲ್ ಸೀರಿಯಾಕಿ ಯಾರ್ರಿ?"

"ನಮ್ಮ ಮನಿಯಾಕಿರಿ," ಎಂದ ಗಂಗಯ್ಯ ಹೆಮ್ಮೆಯಿಂದ.

"ಈಕಿ?"

"ಈಕಿನೂ..." ಗಂಗಯ್ಯನ ದನಿ ಇಳಿಯಿತು.

"ಈಕಿ? ಮತ್ತ ಆ ತುದಿಗೆ ನಿಂತಾಕಿ? ನಿಮಗ ನಾಕು ಮಂದಿ ಏನ್ರಿ?"

ಜೊತೆಗೆ ಬಂದು ಬಾಗಿಲಲ್ಲಿ ನಿಂತಿದ್ದ ಓಣಿಯ ಹೆಂಗಸರು ಕಿಸಕ್ಕೆಂದರು. ಎಷ್ಟೋ ಅಧಿಕಾರಿಗಳ ಮುಂದೆ ಗುಡುಗಿದ್ದ ಗಂಗಯ್ಯ ಈಗ ಟೇಬಲ್ಲಿನ ಕಾಲು ನೋಡತೊಡಗಿದ. ಇನ್ನೇನು, ನಳವೂ ಹೋಯಿತು, ಮಾನವೂ ಹೋಯಿತು.

ಸಾವಿತ್ರೆವ್ವ ಮುಂದೆ ಬಂದಳು. "ಸಾಹೇಬ್ರ, ಮೂರು ಮಂದಿ ಸುಳ್ಳು ಸಾವಿತ್ರಿನ್ನ ಕಳೀರಿ. ಎಷ್ಟ ಉಳೀತು?"

"ಇಪ್ಪತ್ತೆಂಟು."

"ನೀವು ಕೇಳಿದ್ದು ಇಪ್ಪತ್ತೈದು. ಹಾಕ್ರಿ ನಳ."

ಸಾಹೇಬರಿಗೆ ನಗು ತಡೆಯಲಿಲ್ಲ. ನಗುತ್ತಲೇ ಫೋಟೋದ ಮೂಲೆಗೆ ಸಹಿ ಹಾಕಿ, ಶಿಕ್ಕಾ ಒತ್ತಿ, ನೀರು ಬಿಡುವ ಬೀರಪ್ಪನ ಕೈಗೆ ಕೊಟ್ಟರು: "ಇದರ ಪ್ರಕಾರ ಪಾಳಿ ಹಚ್ಚು."

ಬೀರಪ್ಪ ಶಿಕ್ಕಾ ಬಿದ್ದ ಕಾಗದಕ್ಕೆ ತನ್ನ ಬುದ್ಧಿ ಸೇರಿಸುವ ಮನುಷ್ಯನಲ್ಲ. ಹೊಸ ನಳ ಬಂದ ದಿನ ಫೋಟೋವನ್ನು ಗೋಡೆಗೆ ಅಂಟಿಸಿ, ಎಡದಿಂದ ಬಲಕ್ಕೆ ತಲೆಗೊಂದರಂತೆ ಮೂವತ್ತೊಂದು ನಂಬರು ಬರೆದ. ಸಾವಿತ್ರೆವ್ವನಿಗೆ ನಾಲ್ಕು ಪಾಳಿ!

ಓಣಿ ಹೊತ್ತಿ ಉರಿಯಿತು. "ಒಂದು ಮನಿಗೆ ನಾಕು ಪಾಳಿ ಯಾವ ನ್ಯಾಯ?" ಎಂದು ರಾಯವ್ವ ಕೊಡ ಕುಕ್ಕಿದಳು. ಮೂರು ನಂಬರು ಅಳಿಸೆಂದರೆ ಬೀರಪ್ಪ, "ಶಿಕ್ಕಾ ಐತ್ರಿ" ಎಂದು ಕೈ ಕಟ್ಟಿದ.

ಸಾವಿತ್ರೆವ್ವ ಅಲ್ಲೇ ತೀರ್ಪು ಕೊಟ್ಟಳು. "ನನ್ನ ಪಾಳಿ ನಂದು. ಉಳಿದ ಮೂರು ಪಾಳಿ ನೀರು ಮೊಣಕಾಲು ಬ್ಯಾನಿ ಇರೋ ಕಾಡವ್ವನ ಮನಿಗೆ, ಅಂಗನವಾಡಿಗೆ, ದನ ನೀರು ಕುಡಿಯೋ ದೋಣಿಗೆ. ಒಪ್ಪಿಗಿ ಐತೋ?"

"ಒಪ್ಪಿಗಿ! ಆದ್ರ ಹೊರೋರು ಯಾರs?" ಎಂದರು ಹೆಂಗಸರು.

"ಯಾರಂದ್ರ? ಆ ಮೂರು ಮಂದಿನ್ನ ಹುಟ್ಟಿಸಿದಾವ್ರು!"

ಅವಿರೋಧವಾಗಿ ಪಾಸಾಯಿತು. ಮೂವತ್ತು ವರ್ಷದ ಹೋರಾಟದಲ್ಲಿ ಇಷ್ಟು ಬೇಗ ಪಾಸಾದ ಠರಾವನ್ನು ಗಂಗಯ್ಯ ಕಂಡಿರಲಿಲ್ಲ.

ಈಗ ನೀರು ಬಿಟ್ಟ ದಿನ ಗಂಗಯ್ಯ ಹೆಗಲಿಗೆ ಟವೆಲ್ಲು, ಎರಡೂ ಕೈಯಲ್ಲಿ ಕೊಡ ಹಿಡಿದು ಹೆಂಗಸರ ನಡುವೆ ನಿಂತಿರುತ್ತಾನೆ. ಮೈಮರೆತರೆ ಹಿಂದಿನಿಂದ ರಾಯವ್ವ ಕೂಗುತ್ತಾಳೆ:

"ಏ ಎರಡನೇ ಸಾವಿತ್ರೆವ್ವಾರ, ನಿಮ್ಮ ಪಾಳಿ ಬಂತು, ಮುಂದ ಸರೀರಿ!"