ಆಯಮ್ಮನ ಪಾಲಿನ ಮಿಲಿಸೀವರ್ಟ್

ನಾನು ಕೆಲಸ ಮಾಡುವ ಕಡೆ ಇಂಥದ್ದು ತಿಂಗಳಿಗೆ ಎರಡಾದರೂ ನಡೆಯುತ್ತದೆ. ಹೇಳಿದರೆ ಜನ ನಗುತ್ತಾರೆ, 'ಬರೀರಿ ಇದನ್ನ' ಅನ್ನುತ್ತಾರೆ. ಬರೆಯುತ್ತಿದ್ದೇನೆ. ನಗು ನಿಮ್ಮದು, ಹೊಟ್ಟೆಯುರಿ ನನ್ನದು.

ಚಾಮರಾಜಪೇಟೆಯ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ನಾನು ವಿಕಿರಣ ಸುರಕ್ಷತಾ ಅಧಿಕಾರಿ. ಎಕ್ಸ್‌ರೇ, ಸಿ.ಟಿ. ಇರುವ ಕಡೆ ಇಂಥವನೊಬ್ಬ ಇರಬೇಕು ಅಂತ ಕಾನೂನು. ಅದಕ್ಕೇ ಇಟ್ಟುಕೊಂಡಿದ್ದಾರೆ. ಅವನ ಮಾತನ್ನೂ ಕೇಳಬೇಕು ಅಂತ ಅದೇ ಕಾನೂನಿನ ಮುಂದಿನ ಪುಟದಲ್ಲಿದೆ. ಆ ಪುಟವನ್ನು ನಮ್ಮಲ್ಲಿ ಯಾರೂ ತಿರುವಿಲ್ಲ.

ಮೊದಲೇ ಹೇಳಿಬಿಡುತ್ತೇನೆ. ಎರಡು ವರ್ಷದಿಂದ ನನಗೆ ಬೇಕಾಗಿದ್ದದ್ದು ಒಂದೇ. ಎಕ್ಸ್‌ರೇ ಬಟನ್ ಒತ್ತುವ ಹೊತ್ತಿಗೆ ಒಬ್ಬ ಹೆಂಗಸು ಆ ಕೋಣೆಯಿಂದ ಹೊರಗಿರಬೇಕು. ಅಷ್ಟೆ. ಕೆಳಗಿನದೆಲ್ಲ ಅದಕ್ಕಾಗಿ ಓಡಾಡುವಾಗ ನಡೆದದ್ದು.

೧. ನೀವೇನು ಮಾರ್ತೀರ?

ಚಿಕ್ಕ ಮಕ್ಕಳ ಎದೆಯ ಎಕ್ಸ್‌ರೇ ತೆಗೆಯುವುದು ಕಷ್ಟ. ಮಗು ಒದ್ದಾಡುತ್ತದೆ, ಚಿತ್ರ ಮಸುಕಾಗುತ್ತದೆ. ನಿಯಮದ ಪ್ರಕಾರ ಮಗುವನ್ನು ಪಟ್ಟಿ ಇರುವ ಹಲಗೆಯ ಮೇಲೆ ಮಲಗಿಸಿ ಕಟ್ಟಬೇಕು. ಆಗದಿದ್ದರೆ ಅಪ್ಪನೋ ಅಮ್ಮನೋ ವಿಕಿರಣ ತಡೆಯುವ ಸೀಸದ ಏಪ್ರನ್ ತೊಟ್ಟು ಆ ಒಂದು ಸಲ ಹಿಡಿದುಕೊಳ್ಳಬೇಕು. ಆಸ್ಪತ್ರೆಯವರೇ ಒಬ್ಬರು ದಿನಾ ನಿಂತು ಹಿಡಿಯಕೂಡದು.

ನಮ್ಮಲ್ಲಿ ಹನ್ನೊಂದು ವರ್ಷದಿಂದ ದಿನಾ ನಿಂತು ಹಿಡಿಯುತ್ತಿದ್ದವರು ಒಬ್ಬರೇ. ಎಲ್ಲರೂ ಆಯಮ್ಮ ಅನ್ನುತ್ತಾರೆ. ಬಿನ್ನಿಪೇಟೆಯಿಂದ ಬರುತ್ತಾರೆ, ಐವತ್ತರ ಆಸುಪಾಸು. ಎಂಥ ಮೊಂಡು ಮಗುವಾದರೂ ಅವರ ಕೈಯಲ್ಲಿ ತೆಪ್ಪಗಾಗುತ್ತದೆ. ಟೆಕ್ನಿಷಿಯನ್ ಸೀಸದ ಗಾಜಿನ ಹಿಂದೆ ಹೋಗಿ ನಿಂತು ಬಟನ್ ಒತ್ತುತ್ತಾರೆ. ಗಾಜಿನ ಈಚೆ ಕಡೆ ಮಗು ಮತ್ತು ಆಯಮ್ಮ, ಸೀರೆಯಲ್ಲಿ.

ನಾನು ಕೆಲಸಕ್ಕೆ ಸೇರಿದ ವಾರವೇ ಅವರನ್ನು ಕೂರಿಸಿಕೊಂಡು ಹೇಳಿದೆ.

'ನೀವು ಆ ರೂಮಲ್ಲಿ ನಿಲ್ಲಬಾರದು ಆಯಮ್ಮ. ಒಳ್ಳೇದಲ್ಲ.'

'ಏನಾಯ್ತದೆ ಸಾರ್? ನಂಗೇನೂ ಆಗಿಲ್ವಲ್ಲ.'

'ಈಗ ಗೊತ್ತಾಗಲ್ಲ. ಕಣ್ಣಿಗೆ ಕಾಣಲ್ಲ, ಮೈಗೆ ತಾಕಿದ್ದೂ ತಿಳಿಯಲ್ಲ. ವರ್ಷಗಟ್ಟಲೆ ಬಿದ್ರೆ ಮುಂದೆ ಯಾವತ್ತೋ ದೊಡ್ಡ ಕಾಯಿಲೆ ಬರಬಹುದು.'

ಆಯಮ್ಮ ನನ್ನನ್ನು ಕನಿಕರದಿಂದ ನೋಡಿದರು.

'ಕಣ್ಣಿಗೆ ಕಾಣಲ್ಲ, ಮೈಗೆ ತಿಳಿಯಲ್ಲ, ಆದ್ರೂ ಐತೆ ಅಂತೀರ. ನಮ್ಮನೆ ತಾವ ಒಬ್ರು ಹಿಂಗೇ ಹೇಳ್ಕೊಂಡು ತಾಯತ ಮಾರ್ತಾರೆ. ನೀವೇನು ಮಾರ್ತೀರ ಸಾರ್?'

೨. ಬ್ಯಾಲೆನ್ಸ್

ಎಕ್ಸ್‌ರೇ ವಿಭಾಗದವರು ಎದೆಗೆ ಒಂದು ಪುಟ್ಟ ಬ್ಯಾಡ್ಜ್ ಹಾಕಿಕೊಳ್ಳಬೇಕು. ಮೂರು ತಿಂಗಳಿಗೊಮ್ಮೆ ಅದು ಲ್ಯಾಬಿಗೆ ಹೋಗುತ್ತದೆ. ಯಾರ ಮೈಗೆ ಎಷ್ಟು ವಿಕಿರಣ ಬಿತ್ತು ಅಂತ ಮಿಲಿಸೀವರ್ಟ್ ಲೆಕ್ಕದಲ್ಲಿ ಅಲ್ಲಿಂದ ವರದಿ ಬರುತ್ತದೆ. ಇಂಥ ಕೆಲಸದವರಿಗೆ ಮಿತಿ, ಐದು ವರ್ಷದ ಸರಾಸರಿಯಲ್ಲಿ, ವರ್ಷಕ್ಕೆ ಇಪ್ಪತ್ತು ಮಿಲಿಸೀವರ್ಟ್. ಸಾರ್ವಜನಿಕರಿಗೆ ಒಂದು. ಆಯಮ್ಮನಿಗೆ ಬ್ಯಾಡ್ಜ್ ಇಲ್ಲ. ಕಾಗದದ ಮೇಲೆ ಅವರು ದಾರಿಹೋಕರು.

ನಮ್ಮ ಆಡಳಿತಾಧಿಕಾರಿ ಸರ್ಕಾರಿ ಕಚೇರಿಯೊಂದರಲ್ಲಿ ರಿಟೈರ್ ಆಗಿ ಬಂದವರು. ಅವರ ಮುಂದೆ ಕೂತೆ.

'ಆಯಮ್ಮಂಗೆ ಒಂದು ಬ್ಯಾಡ್ಜ್ ಕೊಡಿಸಿ ಸಾರ್.'

'ಅವ್ರು ನಮ್ಮ ಸ್ಟಾಫ್ ಅಲ್ವಲ್ರೀ. ನೆಲ ಒರೆಸೋದಕ್ಕೆ ಅಂತ ಕಂಟ್ರಾಕ್ಟರ್ ಕಳಿಸಿರೋದು.'

'ನೆಲ ಒರೆಸೋರು ಮಗು ಯಾಕೆ ಹಿಡ್ಕೊಳ್ತಾರೆ?'

'ಬಿಟ್ರೆ ನೆಲದ ಮೇಲೆ ಬೀಳುತ್ತಲ್ಲ.'

ನಾನು ಕಡತ ಬಿಚ್ಚಿ ಮುಂದಿಟ್ಟೆ. ಅವರು ಸ್ವಲ್ಪ ಕರಗಿ, ನನ್ನ ಕಡತವನ್ನು ಹತ್ತಿರ ಎಳೆದುಕೊಂಡರು.

'ಇಪ್ಪತ್ತು ಅಂತ ಇದೆ. ನಮ್ಮ ಟೆಕ್ನಿಷಿಯನ್‌ಗಳು ಇಬ್ರೂ ಎಷ್ಟು ತಗೊಂಡಿದಾರೆ?'

'ಒಂದೊಂದೂ ಬಂದಿಲ್ಲ.'

'ಅಂದ್ರೆ ತಲಾ ಹತ್ತೊಂಬತ್ತು ಬ್ಯಾಲೆನ್ಸ್. ಡಿಸೆಂಬರ್‌ಗೆ ಲ್ಯಾಪ್ಸ್ ಆಗಿಹೋಗುತ್ತೆ. ಅದನ್ನ ಆಯಮ್ಮನ ಕಡೆಗೆ ಅಡ್ಜಸ್ಟ್ ಮಾಡ್ಬಿಡಿ.'

'ಇದು ಕ್ಯಾಶುಯಲ್ ಲೀವ್ ಅಲ್ಲ ಸಾರ್. ಮಿತಿ ಅಂದ್ರೆ ಖರ್ಚು ಮಾಡ್ಕೊಳ್ಳಿ ಅಂತ ಕೊಟ್ಟಿದ್ದಲ್ಲ. ದಾಟಬಾರದ ಗೆರೆ. ಅದಕ್ಕಿಂತ ಎಷ್ಟು ಕೆಳಗಿದ್ರೆ ಅಷ್ಟು ಒಳ್ಳೇದು.'

ಅವರು ಪುಟದ ಮೇಲೆ ಬೆರಳಿಟ್ಟರು. 'ಐದು ವರ್ಷದ ಸರಾಸರಿ ಅಂತ ನೀವೇ ಬರೆದಿದೀರಿ. ಈ ವರ್ಷ ಕಮ್ಮಿ ಆದ್ರೆ ಮುಂದಿನ ವರ್ಷ ಸ್ವಲ್ಪ ಜಾಸ್ತಿ ಆಗಬಹುದು. ಹೌದೋ ಅಲ್ವೋ?'

'ಹೌದು, ಆದರೆ...'

'ಕ್ಯಾರಿ ಫಾರ್ವರ್ಡ್ ಇದೆ ಅಂದ್ಮೇಲೆ ಅದು ರಜೇನೇ ಕಣ್ರೀ,' ಅಂದು ಕಡತ ಮುಚ್ಚಿದರು.

೩. ಕೋಟು

ಬ್ಯಾಡ್ಜ್ ಇಲ್ಲದವರ ಕಥೆ ಅದು. ಇರುವವರದೂ ಒಂದಿದೆ.

ನಮ್ಮ ಮೂಳೆ ತಜ್ಞರು ಆಪರೇಷನ್ ನಡೆಯುತ್ತಿರುವಾಗಲೇ ಎಕ್ಸ್‌ರೇ ಹಾಕಿಸಿ ನೋಡಿಕೊಂಡು ಸ್ಕ್ರೂ ಕೂರಿಸುವವರು. ದಿನಕ್ಕೆ ಮೂರು ಆಪರೇಷನ್. ಅವರ ಬ್ಯಾಡ್ಜಿನ ವರದಿ ಮಾತ್ರ ಪ್ರತಿ ಸಲವೂ ಸೊನ್ನೆ.

'ಡಾಕ್ಟ್ರೇ, ಬ್ಯಾಡ್ಜ್ ಎಲ್ಲಿಟ್ಟಿದೀರಿ?'

'ಕಾರಲ್ಲಿ. ಹಾಕ್ಕೊಂಡ್ರೆ ರೀಡಿಂಗ್ ಬರುತ್ತೆ, ಆಮೇಲೆ ನೀವು ಆಪರೇಷನ್ ನಿಲ್ಲಿಸಿ ಅಂತ ಕೂತ್ಕೋತೀರಿ.'

ಮೇಲಿನವರಿಗೆ ದೂರು ಕೊಟ್ಟೆ. ಡಾಕ್ಟರು ಸಿಟ್ಟಿನಿಂದ ಬ್ಯಾಡ್ಜನ್ನು ತಮ್ಮ ಬಿಳಿ ಕೋಟಿಗೆ ಚುಚ್ಚಿದರು. ಕೋಟನ್ನು ಎಕ್ಸ್‌ರೇ ಕೋಣೆಯ ಗೋಡೆಯ ಮೊಳೆಗೆ ನೇತುಹಾಕಿ ಆಪರೇಷನ್‌ಗೆ ಹೋದರು. ಮೂರು ತಿಂಗಳು ಅದು ಅಲ್ಲೇ ನೇತಾಡುತ್ತಿತ್ತು. ಈ ಸಲದ ವರದಿ ನೋಡಿ ಲ್ಯಾಬಿನವರೇ ಫೋನ್ ಮಾಡಿದರು.

ವಿಚಾರಣೆ ನಡೆಯಿತು. ವಿಕಿರಣ ಬಿದ್ದದ್ದು ಕೋಟಿಗೆ ಅಂತ ತೀರ್ಮಾನವಾಯಿತು. ಜಾಸ್ತಿ ಬಿದ್ದವರನ್ನು ಆ ಕೋಣೆಯಿಂದ ತಕ್ಷಣ ದೂರ ಇಡಬೇಕು ಅಂತ ನಿಯಮ ಓದಿ ಹೇಳಿದೆ. ಆಡಳಿತ ಒಪ್ಪಿತು. ಎರಡೇ ದಿನದಲ್ಲಿ ಮೊಳೆ ಕಿತ್ತು ಕೋಟನ್ನು ಹೊರಗಿನ ಕಾರಿಡಾರಿಗೆ ವರ್ಗ ಮಾಡಿದರು.

ಅದೇ ಕೋಣೆಯ ಆಯಮ್ಮನ ಬಗ್ಗೆ ನಾನು ಕೊಟ್ಟಿದ್ದ ಕಾಗದಕ್ಕೆ ಆಗ ಏಳು ತಿಂಗಳು. ಏನು ಮಾಡುವುದು, ಕೋಟು ಪರ್ಮನೆಂಟ್ ಸ್ಟಾಫಿನದು.

೪. ಮಡಿಕೆ

ಬ್ಯಾಡ್ಜ್ ಬೇಡ, ಏಪ್ರನ್ನಾದರೂ ಸಿಗಲಿ ಅಂತ ಸ್ಟೋರ್ಸಿಗೆ ಹೋದೆ. ಸೀಸ ಸೇರಿಸಿದ ರಬ್ಬರಿನ ಏಪ್ರನ್ ನಮ್ಮಲ್ಲಿ ಎರಡಿತ್ತು. ಹಳೆಯದು ಹರಿದಿತ್ತು. ಹೊಸದನ್ನು ನಾನು ಕಣ್ಣಲ್ಲಿ ಕಂಡಿರಲಿಲ್ಲ.

ಸ್ಟೋರ್ಸ್ ನೋಡಿಕೊಳ್ಳುವವರು ಮಲ್ಲೇಶ್ವರದ ಒಬ್ಬ ಹಿರಿಯ ಮೇಡಂ. ಬಲು ಅಚ್ಚುಕಟ್ಟು. ಬೀರು ತೆಗೆದರು. ಬಿಳಿ ಪಂಚೆಯಲ್ಲಿ ಸುತ್ತಿದ ಏಪ್ರನ್, ನಾಲ್ಕು ಮಡಿಕೆ, ನಡುವೆ ನುಸಿಗುಳಿಗೆ.

'ಇದನ್ನ ಮಡಿಸಬಾರದು ಮೇಡಂ. ತೂಗುಹಾಕಬೇಕು. ಮಡಿಸಿದ ಕಡೆ ಒಳಗೆ ಬಿರುಕು ಬಿಡುತ್ತೆ.'

'ಅಷ್ಟೂ ತಿಳಿಯಲ್ವೇನ್ರೀ ನನಗೆ? ಅದಕ್ಕೇ ಪ್ರತಿ ಯುಗಾದಿಗೂ ಮಡಿಕೆ ಬದಲಾಯಿಸ್ತೀನಿ. ಜರಿ ಸೀರೆ ಇಟ್ಕೊಂಡಿರೋರಿಗೆ ನೀವು ಹೇಳಿಕೊಡ್ತೀರಾ?'

ಒಂದೇ ಕಡೆ ಬಿಡಬೇಕಾದ ಬಿರುಕು, ಅವರ ಶ್ರದ್ಧೆಯಿಂದಾಗಿ ಎಲ್ಲ ಕಡೆ ಬಿಟ್ಟಿತ್ತು. ಎಕ್ಸ್‌ರೇ ಹಾಕಿ ನೋಡಿದೆ. ಏಪ್ರನ್ ತುಂಬ ಚೌಕಾಬಾರದ ಮನೆಗಳು. ಆದರೂ ಮೈಮೇಲೆ ಏನೂ ಇಲ್ಲದ್ದಕ್ಕಿಂತ ಮೇಲು.

'ಇರಲಿ, ಇನ್ನೊಂದು ಬರೋ ತನಕ ಇದನ್ನೇ ಆಯಮ್ಮಂಗೆ ಕೊಡಿ,' ಅಂದೆ.

ಮೇಡಂ ಏಪ್ರನ್ನನ್ನು ಎದೆಗವಚಿಕೊಂಡರು. 'ದಿನಾ ತೊಟ್ಕೊಂಡು ಹಾಳು ಮಾಡ್ಬಿಟ್ರೆ?'

೫. ಸ್ಟಿಕ್ಕರ್

ಕೊನೆಗೆ ಒಬ್ಬ ಟ್ರಸ್ಟಿಯ ಮನೆಗೇ ಹೋದೆ. ಬಸವನಗುಡಿ, ಗಾಂಧಿಬಜಾರಿನಿಂದ ನಡೆದು ಹೋಗುವಷ್ಟು ದೂರ. ಎದುರು ಕಟ್ಟಡದ ಮೇಲೆ ಮೊಬೈಲ್ ಟವರ್ ಬಂದಿತ್ತು. ಟ್ರಸ್ಟಿ ಅದರ ವಿರುದ್ಧ ಬೀದಿಯವರಿಂದ ಸಹಿ ಹಾಕಿಸುತ್ತಿದ್ದರು.

'ಸರಿಯಾದ ಹೊತ್ತಿಗೆ ಬಂದ್ರಿ. ರೇಡಿಯೇಷನ್ ಎಕ್ಸ್‌ಪರ್ಟ್ ಅಂತ ನೀವೂ ಒಂದು ಸೈನ್ ಹಾಕಿ.'

'ಅದು ಆ ಥರದ ರೇಡಿಯೇಷನ್ ಅಲ್ಲ ಸಾರ್.'

'ನನ್ನ ತಲೆನೋವು ಶುರುವಾಗಿದ್ದೇ ಈ ಟವರ್‌ನಿಂದ. ಇದೇ ವರ್ಷ ಮೂರು ಸಲ ತಲೆ ಸಿ.ಟಿ. ಮಾಡಿಸ್ಕೊಂಡೆ. ಏನೂ ಇಲ್ಲ ಅಂದ್ರು. ಸಮಾಧಾನಕ್ಕೆ ಇನ್ನೊಂದು ಮಾಡಿಸೋಣ ಅಂತಿದೀನಿ.'

ಒಂದು ಸಿ.ಟಿ. ಅಂದರೆ ಎದೆಯ ಎಕ್ಸ್‌ರೇಯನ್ನು ಹತ್ತಾರು ಸಲ ತೆಗೆಸಿಕೊಂಡ ಹಾಗೆ ಅಂತ ಹೇಳಿದೆ. ಅಂಥ ದೊಡ್ಡ ಪರೀಕ್ಷೆಯೇ ಮಾಡಿಸಿಕೊಂಡಿದ್ದಕ್ಕೆ ಅವರಿಗೆ ಹೆಮ್ಮೆಯಾಯಿತು. ಇನ್ನು ಈ ದಾರಿ ಬೇಡ ಅಂತ ಆಯಮ್ಮನ ವಿಷಯ ಎತ್ತಿದೆ. ಗಮನವಿಟ್ಟು ಕೇಳಿದರು. ನಿಜವಾಗಿಯೂ ನೊಂದುಕೊಂಡರು.

'ಪಾಪ, ಬಡವರು. ಏನಾದ್ರೂ ಮಾಡ್ಲೇಬೇಕು,' ಅಂತ ಒಳಗೆ ಹೋಗಿ, ಚಿನ್ನದ ಬಣ್ಣದ ಎರಡು ಪುಟ್ಟ ಸ್ಟಿಕ್ಕರ್ ತಂದು ಕೈಗಿಟ್ಟರು.

'ಫೋನ್ ಹಿಂದೆ ಅಂಟಿಸೋದು. ಬರೋ ರೇಡಿಯೇಷನ್ ಎಲ್ಲಾ ಹೀರ್ಕೊಂಡ್ಬಿಡುತ್ತೆ. ಒಂದು ಆಯಮ್ಮಂಗೆ ಕೊಡಿ.'

'ಇನ್ನೊಂದು?'

'ನಿಮಗೆ. ನೀವು ತುಂಬಾ ತಲೆ ಕೆಡಿಸ್ಕೊಂಡಿದೀರಿ.'

೬. ಸಾಕ್ಷಿ

ಒಂದು ಮಧ್ಯಾಹ್ನ ಕಂಪ್ಯೂಟರಿನಲ್ಲಿ ಹಳೆಯ ಎಕ್ಸ್‌ರೇಗಳನ್ನು ನೋಡುತ್ತಿದ್ದೆ. ಒಂದು ಮಗುವಿನ ಎದೆ. ಪಕ್ಕೆಯ ಎರಡೂ ಕಡೆ ದೊಡ್ಡವರ ಬೆರಳುಗಳು, ಮೂಳೆ ಮೂಳೆಯಾಗಿ. ಮಣಿಕಟ್ಟಿನಲ್ಲಿ ಸಾಲಾಗಿ ಗಾಜಿನ ಬಳೆ. ಮುಂದಿನ ಮಗು. ಅದೇ ಬೆರಳು, ಅದೇ ಬಳೆ. ಅದರ ಮುಂದಿನದು. ಬಲಗೈ ಕಿರುಬೆರಳು ಯಾವತ್ತೋ ಮುರಿದು ಸೊಟ್ಟ ಕೂಡಿಕೊಂಡಿತ್ತು. ಪ್ರತಿ ಚಿತ್ರದಲ್ಲೂ ಅದೇ ಸೊಟ್ಟ ಬೆರಳು.

ಆಯಮ್ಮ ತಮಗೆ ಅಂತ ಒಂದೇ ಒಂದು ಎಕ್ಸ್‌ರೇ ತೆಗೆಸಿಕೊಂಡವರಲ್ಲ. ಯಾವ ದಾಖಲೆಯಲ್ಲೂ ಅವರ ಹೆಸರಿಲ್ಲ. ಆದರೆ ಹನ್ನೊಂದು ವರ್ಷದ ಮಕ್ಕಳ ಎದೆಗಳ ಪಕ್ಕದಲ್ಲೆಲ್ಲ ಅವರ ಕೈ ಇತ್ತು, ನೇರವಾಗಿ ಕಿರಣದ ಕೆಳಗೆ.

ನಲವತ್ತು ಚಿತ್ರ ಪ್ರಿಂಟ್ ತೆಗೆದೆ. ಮೀಟಿಂಗಿನಲ್ಲಿ ಮೇಜಿನ ತುಂಬ ಹರಡಿದೆ. ಆಡಳಿತಾಧಿಕಾರಿ ಇದ್ದರು, ಟ್ರಸ್ಟಿ ಇದ್ದರು, ಎಕ್ಸ್‌ರೇ ಓದುವ ರೇಡಿಯಾಲಜಿಸ್ಟ್ ಇದ್ದರು. ರೇಡಿಯಾಲಜಿಸ್ಟ್ ಕನ್ನಡಕ ಏರಿಸಿ ಒಂದೊಂದನ್ನೇ ಎತ್ತಿ ನೋಡಿದರು. ಮುಖ ಕೆಂಪಾಯಿತು.

'ಎಷ್ಟು ದಿನದಿಂದ ನಡೀತಿದೆ ಇದು?'

'ಹನ್ನೊಂದು ವರ್ಷ ಡಾಕ್ಟ್ರೇ.'

'ನಾಚಿಕೆಗೇಡು,' ಅಂದು ಚಿತ್ರವನ್ನು ಮೇಜಿನ ಮೇಲೆ ಎಸೆದರು. ಎರಡು ವರ್ಷದಲ್ಲಿ ಮೊದಲ ಸಲ ಈ ಕಟ್ಟಡದಲ್ಲಿ ಒಬ್ಬ ಮನುಷ್ಯ ಸಿಕ್ಕರು ಅಂದುಕೊಂಡೆ. ಅವರು ಮುಂದುವರಿಸಿದರು. 'ಇಷ್ಟು ಬಳೆ ಅಡ್ಡ ಬಂದ್ರೆ ನಾನು ಶ್ವಾಸಕೋಶ ನೋಡೋದು ಹೆಂಗ್ರೀ?'

ಸಂಜೆಗೇ ಸುತ್ತೋಲೆ ಬಂತು. ಮಗುವನ್ನು ಹಿಡಿಯುವವರು ಎಕ್ಸ್‌ರೇ ಕೋಣೆಯಲ್ಲಿ ಬಳೆ ಧರಿಸತಕ್ಕದ್ದಲ್ಲ. ಪ್ರತಿ: ವಿಕಿರಣ ಸುರಕ್ಷತಾ ಅಧಿಕಾರಿಗಳಿಗೆ, ಮಾಹಿತಿಗಾಗಿ.

ಆಯಮ್ಮ ಅದನ್ನು ಎರಡು ಸಲ ಓದಿದರು. ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಆಡಳಿತಾಧಿಕಾರಿಯ ಕೋಣೆಗೆ ನಡೆದರು. ನಾನೂ ಹಿಂದೆ ಹೋದೆ.

'ಬಳೆ ತೆಗೀಬೇಕಾ ಸಾರ್?'

'ಹಿಡ್ಕೊಳೋ ಹೊತ್ತಿಗಷ್ಟೇ ಆಯಮ್ಮ. ಆಮೇಲೆ ಹಾಕ್ಕೊಳ್ಳಿ.'

'ನನ್ ಗಂಡ ಮನೇಲಿ ಗುಂಡುಕಲ್ಲಿನಂಗೆ ಕೂತವ್ರೆ. ದಿನಕ್ಕೆ ಹತ್ತು ಸಲ ಬರಿಗೈ ಮಾಡ್ಕೊಂಡು ನಿಂತ್ಕೋಬೇಕಾ ನಾನು? ಇದನ್ನ ನಿಮ್ಮನೆ ಅಮ್ಮಾವ್ರಿಗೆ ಹೇಳ್ತೀರಾ ನೀವು?'

ಕಾನೂನಿಗೆ, ಲ್ಯಾಬಿಗೆ, ನನ್ನ ಒಂಬತ್ತು ಕಾಗದಗಳಿಗೆ ಜಗ್ಗದ ಮನುಷ್ಯ ಬೆವರಿಬಿಟ್ಟರು.

'ಬೇಡ ಬೇಡ. ತೆಗೀಬೇಡಿ. ನೀವು ಇನ್ಮೇಲೆ ಆ ರೂಮಿಗೇ ಕಾಲಿಡಬೇಡಿ.'

ಆಯಮ್ಮನನ್ನು ಮರುದಿನವೇ ಬೆಡ್‌ಶೀಟ್ ಎಣಿಸುವ ಕೋಣೆಗೆ ಹಾಕಿದರು. ಕಾರಿಡಾರಿನಲ್ಲಿ ಸಿಕ್ಕಾಗ ನನಗೇ ಬುದ್ಧಿ ಹೇಳಿದರು: 'ನೀವು ಏನೇನೋ ಕಾಣದ್ದು ತಿಳಿಯದ್ದು ಅಂತಿದ್ರಿ ಸಾರ್. ಬಳೆ ವಿಷಯ ಅಂತ ಮೊದ್ಲೇ ಹೇಳಿದ್ರೆ ಅವತ್ತೇ ಆಚೆ ಬಂದ್ಬಿಡ್ತಿದ್ದೆ.'

ಹೇಗೋ ಆಗಬೇಕಾದದ್ದು ಆಯಿತು. ಇನ್ನು ಹಲಗೆ ತರಿಸುತ್ತಾರೆ, ಇಲ್ಲವೇ ಅಪ್ಪ ಅಮ್ಮಂದಿರಿಗೆ ಏಪ್ರನ್ ಕೊಡುತ್ತಾರೆ ಅಂದುಕೊಂಡೆ. ಸೋಮವಾರ ಬಂದು ಕಂಪ್ಯೂಟರ್ ತೆರೆದೆ. ಮೊದಲ ಚಿತ್ರ, ಎರಡು ವರ್ಷದ ಮಗುವಿನ ಎದೆ. ಪಕ್ಕೆಯ ಎರಡೂ ಕಡೆ ದಪ್ಪ ದಪ್ಪ ಬೆರಳು. ಬಳೆ ಇಲ್ಲ. ಎಡ ಮಣಿಕಟ್ಟಿನಲ್ಲಿ ಒಂದು ವಾಚು. ಒಳಗಿನ ಹಲ್ಲುಚಕ್ರಗಳೂ ಸ್ಪಷ್ಟವಾಗಿದ್ದವು.

ವಿಚಾರಿಸಿದೆ. ಗೇಟಿನ ಸೆಕ್ಯುರಿಟಿಯವರನ್ನು ಮಗು ಹಿಡಿಯುವ ಕೆಲಸಕ್ಕೆ ಹಾಕಿದ್ದರು. ಆಡಳಿತಾಧಿಕಾರಿಯ ಮುಂದೆ ಹೋಗಿ ನಿಂತೆ. ಅವರೇ ಧೈರ್ಯ ಹೇಳಿದರು.

'ನೀವೇನೂ ಯೋಚನೆ ಮಾಡ್ಬೇಡಿ. ಈ ಸಲ ಪೂರ್ತಿ ವಿಚಾರಿಸೇ ಹಾಕಿದೀನಿ. ಅವ್ರ ಮನೇಲಿ ಗಂಡಸರು ಯಾರೂ ಬಳೆ ಹಾಕಲ್ವಂತೆ.'