ನೀರಿನ ಮೇಲೆ ಕೂತು ಮೀನು ಹಿಡಿದವನು

ನಮ್ಮಣ್ಣನಂಥ ಸುಳ್ಳುಗಾರ ಕುರುಗೋಡಿನ ಸುತ್ತಮುತ್ತ ಇನ್ನೊಬ್ಬನಿಲ್ಲ ಅಂತ ಊರೇ ಹೇಳುತ್ತಿತ್ತು. ತಮಾಷೆಯೆಂದರೆ, ಅವನು ಹೇಳಿದ್ದೆಲ್ಲ ನಿಜ!

ಮಹಾಯುದ್ಧದಲ್ಲಿ ಮಿಲಿಟರಿ ಲಾರಿ ಓಡಿಸಲು ಹೋದವನು ಇಟಲಿಯ ಗುಡ್ಡಗಾಡಿನಲ್ಲಿ ಒಂದು ಚಳಿಗಾಲ ಕಳೆದು ಬಂದಿದ್ದ. ಅಲ್ಲಿ ಗುಡ್ಡದ ಮೇಲೊಂದು ಅಣೆಕಟ್ಟು, ಅದರ ಹಿಂದೆ ಕೆರೆ. ಚಳಿಗೆ ಕೆರೆಯ ನೀರು ಮೇಲೆಲ್ಲ ಕಲ್ಲಾಗುತ್ತಿತ್ತಂತೆ. ಆ ಊರಿನ ಮುದುಕನೊಬ್ಬ ಅದರ ಮೇಲೆ ನಡೆದುಹೋಗಿ, ಹಾರೆಯಿಂದ ತೂತು ಕೊರೆದು, ಸ್ಟೂಲ್ ಹಾಕಿ ಕೂತು, ದಾರ ಇಳಿಬಿಟ್ಟು ಟ್ರೌಟ್ ಎಂಬ ಚುಕ್ಕೆಚುಕ್ಕೆ ಮೀನು ಎಳೆಯುತ್ತಿದ್ದನಂತೆ. ನಮ್ಮಣ್ಣನಿಗೂ ಕಲಿಸಿದನಂತೆ. ನಂಬುವುದು ಹೇಗೆ? ನಾವು ಬಳ್ಳಾರಿ ಸೀಮೆಯವರು. ಮಂಜುಗಡ್ಡೆ ಅಂದರೆ ಕಂಟೋನ್ಮೆಂಟಿನ ಸೋಡಾ ಅಂಗಡಿಯಲ್ಲಿ ಹೊಟ್ಟಿನೊಳಗೆ ಮುಚ್ಚಿಟ್ಟ ತುಂಡು, ಅದೂ ಕೈಗೆ ಬರುವಷ್ಟರಲ್ಲಿ ಅರ್ಧ ಕರಗಿರುತ್ತಿತ್ತು!

ಅವ್ವ ಎಲ್ಲ ಕೇಳಿ, "ಅಲ್ಲೋ, ಕೆರಿ ನೀರೆಲ್ಲ ಕಲ್ಲಾದರ ಎಮ್ಮಿಗೆ ಏನ್ ಕುಡಿಸ್ತಾರ?" ಅಂದಳು. ಅಲ್ಲಿಗೆ ಊರಿನ ತೀರ್ಪು ಆಗಿಹೋಯಿತು.

ಹಟ ಬಿಡುವವನೇ ಅವನು? ಒಂದು ಬೇಸಿಗೆ ಮಧ್ಯಾಹ್ನ, ಪಾಚಿ ದಪ್ಪಗೆ ಕಟ್ಟಿದ್ದ ಹೊಂಡಕ್ಕೆ ಹೋಗಿ, ಪಾಚಿಯಲ್ಲಿ ದುಂಡಗೆ ತೂತು ಮಾಡಿ, ದಂಡೆಯಲ್ಲಿ ಮಣೆ ಹಾಕಿ, ಗಾಳ ಬಿಟ್ಟು ಕೂತ. ಮೈಮೇಲೆ ಕಂಬಳಿ! ಬೆವರು ಸುರಿಯುತ್ತಿದೆ.

"ಈ ಬಿಸಲಾಗ ಕಂಬಳಿ ಯಾಕೋ ಅಣ್ಣಾ?" ಅಂದೆ.

"ಅಲ್ಲಿ ಹೊದಕೊಂಡ ಕೂಡ್ರತಾರ. ಪದ್ಧತಿ ಅಂದ್ರ ಪದ್ಧತಿ!"

ನೆರೆಮನೆಯ ತಾತ ಪಾಚಿಯತ್ತ ಕೋಲು ತೋರಿಸಿ, "ಹಂಗಾರ ಇದರ ಮ್ಯಾಲೆ ಒಂದೀಟು ನಡದು ತೋರಸೋ," ಅಂದ.

"ಇದು ಬರೀ ಮಾದರಿ, ತಾತಾ!"

ಸಂಜೆಯವರೆಗೆ ಕೂತು ಒಂದು ಕಪ್ಪೆ ಹಿಡಿದ.

ನಗುವುದೇನೋ ನಕ್ಕೆವು, ಆದರೆ ಅವನಿಗೆ ಹೆಣ್ಣು ಕೊಡುವವರೇ ಇಲ್ಲದಾದರು. ಸುಳ್ಳುಗಾರನೆಂದು ಎರಡು ಸಂಬಂಧ ತಪ್ಪಿದವು. ಮೂರನೆಯದು ಸಿರುಗುಪ್ಪದಾಚೆಯ ಕೆಂಚನಗುಡ್ಡದ್ದು. ಆ ಹುಡುಗಿಯನ್ನು ಸಿರುಗುಪ್ಪದ ಸಂತೆಯಲ್ಲಿ ಒಮ್ಮೆ ನೋಡಿ ಅಣ್ಣ ಊಟ ನಿದ್ದೆ ಬಿಟ್ಟಿದ್ದ. ಹೆಣ್ಣು ನೋಡಲು ಹೊರಟ ದಾರಿಯುದ್ದಕ್ಕೂ ಅವ್ವನದು ಒಂದೇ ಜಪ: "ಕೇಳಿದರ, ಚಾಷ್ಟಿಗೆ ಅಂದಿದ್ದೆ ಅನ್ನಪ್ಪಾ. ಒಂದೇ ಮಾತು!" ಅಣ್ಣ ತಲೆಯಾಡಿಸಿದ.

ಹುಡುಗಿಯ ಅಪ್ಪ ಅವಲಕ್ಕಿ ತಟ್ಟೆ ಮುಂದಿಟ್ಟು ನೇರವಾಗಿ ಕೇಳಿದರು: "ಹೊಳಿ ದಂಡಿಮ್ಯಾಲೆ ಹುಟ್ಟಿ ಬೆಳದಾಂವ ನಾನು. ನೀರಿನ ಮ್ಯಾಲೆ ನಡದೀನಿ ಅಂತೀರಂತಲ್ಲ, ಖರೇ ಏನ್ರಿ?"

ಅವ್ವ ಅಣ್ಣನ ತೊಡೆ ಚಿವುಟಿದಳು. ಅಣ್ಣ ತಟ್ಟೆ ನೋಡಿದ, ಸೂರು ನೋಡಿದ.

"ಖರೇ ರೀ. ನಡದೀನಿ," ಅಂದ.

ಮುಗಿಯಿತು! ಅವರಪ್ಪ ಎದ್ದೇ ನಿಂತರು. ಅವ್ವ ಸೆರಗು ಸರಿಮಾಡಿಕೊಂಡು ಹೊರಡಲು ಸಿದ್ಧಳಾದಳು. ಆಗ ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿದ್ದ ಹುಡುಗಿ ಮೆಲ್ಲಗೆ ಕೇಳಿದಳು: "ಅಷ್ಟು ಥಂಡ್ಯಾಗ ಕಾಲು ನೋಯಲಿಲ್ಲೇನ್ರಿ?"

ನೀರು ಹೇಗೆ ಕಲ್ಲಾಯಿತು, ಅದರ ಕೆಳಗೆ ಮೀನು ಹೇಗೆ ಬದುಕಿತ್ತು ಅಂತ ನಾವೆಲ್ಲ ವರ್ಷಗಟ್ಟಲೆ ಅವನನ್ನು ಕಾಡಿದ್ದೆವು. ಒಡಹುಟ್ಟಿದ ತಂಗಿ ನಾನು, ನನಗೂ ಈ ಮಾತು ಕೇಳಬೇಕೆಂದು ತೋಚಿರಲಿಲ್ಲ. ಇವತ್ತಿಗೂ ನಾಚಿಕೆಯಾಗುತ್ತದೆ.

"ನೋಯ್ತಿದ್ವು," ಅಂದವನೇ ಅಣ್ಣ ಎಲ್ಲರೆದುರು ಅತ್ತುಬಿಟ್ಟ.

ಎದ್ದು ನಿಂತಿದ್ದ ಅವರಪ್ಪ ಮಗಳ ಮುಖ ನೋಡಿದರು, ಅಣ್ಣನ ಮುಖ ನೋಡಿದರು. ಆಮೇಲೆ ಅವನ ಪಕ್ಕದಲ್ಲೇ ಕೂತುಕೊಂಡರು.